ಕುಸುಬಿ ಎಣ್ಣೆಯ ಕ್ಲಚ್ಚು

ಕಳೆದ ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓಡುವ ಮೋಟರ್ ಸೈಕಲ್ಲಿನಿಂದ ಇಳಿದಳು.

ಬಿದ್ದಳು ಎಂದು ಬರೆದಿಲ್ಲ, ಗಮನಿಸಿ. ಇಳಿದಳು. ಒಂದು ಕೈಯಲ್ಲಿ ಹಾಲ್ ಟಿಕೆಟ್ಟು, ಇನ್ನೊಂದರಲ್ಲಿ ಇಳಕಲ್ ಸೀರೆಯ ನೆರಿಗೆ. ಪರೀಕ್ಷಾ ಕೇಂದ್ರದ ಗೇಟಿನಲ್ಲಿದ್ದ ಜವಾನ ಬಾಯಲ್ಲಿ ಬೀಡಿ ಇಟ್ಟುಕೊಂಡು ಕಡ್ಡಿ ಗೀರುವುದನ್ನೇ ಮರೆತ. ನಾನು? ಗಾಡಿ ನಿಲ್ಲಿಸಲಾರದೆ ಮುಂದೆ ಹೋಗಿಬಿಟ್ಟಿದ್ದೆ.

ತಪ್ಪು ಕ್ಲಚ್ಚಿನದು ಎಂದು ಆವತ್ತಿನಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿಮ್ಮ ಮುಂದೆ ಸುಳ್ಳು ಯಾಕೆ?

ನಾನು ಹುನಗುಂದದ ಗ್ರಾಮಸೇವಕ. ನನ್ನ ಗಾಡಿ ಡಾಂಬರಿಗಿಂತ ಹೊಲದ ದಾರಿಯ ಎರಿಮಣ್ಣು ಕಂಡದ್ದೇ ಹೆಚ್ಚು. ಹೀಗಾಗಿ ಕ್ಲಚ್ ಪ್ಲೇಟುಗಳು ಸವೆದುಹೋಗಿದ್ದವು. ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಗಾಡಿ ಮಾತ್ರ ಏರು ಹತ್ತಲೊಲ್ಲದು. ಇತ್ತ ಸೋಮವಾರ ಹೆಂಡತಿ ಶಾಂತಾಳ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ. ಮದುವೆಯಾಗಿ ಹತ್ತು ವರ್ಷದ ಮೇಲೆ ಮನೆಯಲ್ಲೇ ಓದಿ ಕಟ್ಟಿದ ಪರೀಕ್ಷೆ. ಉಳಿದದ್ದೆಲ್ಲ ಪಾಸು, ಗಣಿತ ಮಾತ್ರ ಎರಡು ಸಲ ಕೈಕೊಟ್ಟಿದೆ. ಈ ಸಲ ದಾಟಿದರೆ ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಬಹುದು.

ಶುಕ್ರವಾರ ಆಕೆ ಏಳು ಗಂಟೆಯ ಬಸ್ಸಿನ ಬಗ್ಗೆ ಏನೋ ಹೇಳಲು ಬಂದಳು. ನಾನು ಪೂರ್ತಿ ಕೇಳಲೇ ಇಲ್ಲ. ಬಸ್ಸಿನ ಸುದ್ದಿ ತೆಗೀಬೇಡ, ಎಂಟಕ್ಕೆ ಹೊರಟು ಗಾಡಿಯ ಮೇಲೆ ರಾಣಿಯ ಹಾಗೆ ಕರೆದೊಯ್ಯುತ್ತೇನೆ ಎಂದುಬಿಟ್ಟೆ. (ಗಂಡಸರಿಗೆ ನಟ್ಟು ಬಿಚ್ಚುವ ಪಾನಾ ಕೈಗೆ ಬಂತೆಂದರೆ ಕಿವಿ ಕೇಳಿಸುವುದಿಲ್ಲ.)

ಮಿಸ್ತ್ರಿಯ ಹತ್ತಿರ ಯಾಕೆ ಹೋಗಬೇಕು? ಹೊಸ ಕಾರ್ಕ್ ಪ್ಲೇಟು ತಂದು ಅಂಗಳದಲ್ಲೇ ಕ್ಲಚ್ಚು ಬಿಚ್ಚಿದೆ. ಒಂದು ಉಕ್ಕಿನ ಪ್ಲೇಟು, ಒಂದು ಕಾರ್ಕಿನದು, ಹೀಗೆ ಸಾಲಾಗಿ ಹರವಿದೆ. ಹೊಸ ಕಾರ್ಕನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಯಿಡಬೇಕು, ಅಷ್ಟು ನನಗೂ ಗೊತ್ತು. ಆದರೆ ಎಂಜಿನ್ ಆಯಿಲ್ ತೀರಿತ್ತು, ಅಂಗಡಿಗೆ ಹೋಗಲು ಬೇಸರ. ಎಣ್ಣೆ ಎಂದರೆ ಎಣ್ಣೆ ತಾನೇ? ಅಡುಗೆಮನೆಯ ಕುಸುಬಿ ಎಣ್ಣೆಯ ಡಬ್ಬಿಗೆ ಕೈ ಹಾಕಿದೆ.

ಶಾಂತಾ ಗಣಿತದ ಪುಸ್ತಕದಿಂದ ತಲೆ ಎತ್ತಿದಳು.

"ಡಬ್ಬಿ ಮುಚ್ಚಳ ನೋಡ್ರಿ, ಹೆಂಗ ಅಂಟಕೊಂಡು ಕುಂತೈತಿ. ಈ ಎಣ್ಣಿ ಗಾಡಿಗೆ ಹಾಕ್ತೀರೇನು?"

ಚಾಕು ಹಾಕಿ ಮೀಟಿದರೂ ಮುಚ್ಚಳ ಬರಲೊಲ್ಲದು. ಬುದ್ಧಿ ಇದ್ದವನಿಗೆ ಅಷ್ಟೇ ಸಾಕಿತ್ತು. ನಾನು ಮೀಟಿಯೇ ತೆಗೆದೆ. ರಾತ್ರಿ ನೆನೆಸಿದ್ದಲ್ಲದೆ, ಹೆಚ್ಚಿನ ಎಣ್ಣೆ ಇಳಿಯಲಿ ಎಂದು ಮರುದಿನ ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಪ್ಲೇಟುಗಳನ್ನು ಒಣಗಲು ಹಾಕಿದೆ. ಬಿಸಿಲೆಂದರೆ ಏಪ್ರಿಲ್ಲಿನ ಬಿಸಿಲು. ಭಾನುವಾರ ಸಂಜೆ ಎಲ್ಲ ಜೋಡಿಸಿ ಕಿಕ್ ಹೊಡೆದೆ. ಎಂಜಿನ್ ಚಾಲೂ ಆಯಿತು. ಗೇರು ಹಾಕಿ ನೋಡಿದೆನೇ? ಇಲ್ಲ. ಚಹಾ ಕುಡಿಯಲು ಹೋದೆ.

ಸೋಮವಾರ ಎಂಟಕ್ಕೆ ಕ್ಲಚ್ ಹಿಡಿದು ಗೇರು ಒತ್ತಿದರೆ ಗಾಡಿ ಒಮ್ಮೆ ಜಿಗಿದು ಬಂದ್ ಬಿತ್ತು. ಮತ್ತೆ ಕಿಕ್, ಮತ್ತೆ ಜಿಗಿತ. ಬಿಸಿಲಿಗೆ ಕುಸುಬಿ ಎಣ್ಣೆ ಅಂಟಾಗಿ ಪ್ಲೇಟುಗಳು ಒಂದಕ್ಕೊಂದು ಕಚ್ಚಿ ಕೂತಿದ್ದವು. ಏಳರ ಬಸ್ಸು ಹೋಗಿ ಒಂದು ತಾಸಾಗಿತ್ತು. ಮುಂದಿನದು ಪರೀಕ್ಷೆಯ ವೇಳೆಗೆ ಮುಟ್ಟುವುದಿಲ್ಲ.

ಶಾಂತಾ ಬೈಯಲಿಲ್ಲ. ಓಣಿಯ ಇಳಿಜಾರು ತೋರಿಸಿ ಹಿಂದೆ ಹತ್ತಿ ಕೂತಳು. ಗಾಡಿ ಉರುಳುತ್ತಿರುವಾಗಲೇ ಗೇರು ತುಳಿದೆ. ಕಟಕಟ ಎಂದು ಹಲ್ಲು ಕಡಿದು ಹೊರಟಿತು. ಇನ್ನು ನಿಲ್ಲುವ ಮಾತೇ ಇಲ್ಲ. ನಿಂತರೆ ಮತ್ತೊಂದು ಇಳಿಜಾರು ಹುಡುಕಬೇಕು. ಅಮೀನಗಡದಲ್ಲಿ ಎಮ್ಮೆಗಳು ಅಡ್ಡ ಬಂದವು, ನಾನು ಹಾರ್ನ್ ಹೊಡೆದೆ, ಆಕೆ ಹಿಂದಿನಿಂದ "ಹೋಯ್" ಎಂದಳು. ಎಮ್ಮೆಗಳು ಆಕೆಯ ಮಾತು ಕೇಳಿದವು. ಗೇಟಿನ ಹತ್ತಿರ ಮೊದಲ ಗೇರಿನಲ್ಲಿ ತೆವಳಿಸಿದೆ, ಆಕೆ ಇಳಿದೇಬಿಟ್ಟಳು. ಕೀಲಿ ತಿರುಗಿಸಿದ್ದರೆ ನಿಲ್ಲುತ್ತಿತ್ತಲ್ಲ ಎನ್ನಬೇಡಿ. ನನಗೂ ಅದು ಹೊಳೆದದ್ದು ಐವತ್ತು ಹೆಜ್ಜೆ ಮುಂದೆ ಹೋದ ಮೇಲೆ.

ಹತ್ತಿರದ ಗ್ಯಾರೇಜಿನ ಮಹಬೂಬಸಾಬರು ಕ್ಲಚ್ಚು ಬಿಚ್ಚಿದರು. ಪ್ಲೇಟುಗಳೆಲ್ಲ ಒಂದೇ ಗಂಟಾಗಿ ಹೊರಬಂದವು. ಮೂಸಿ ನೋಡಿ, ಯಾರು ಜೋಡಿಸಿದ್ದು ಎಂದು ಕೇಳಿದರು. ಹುನಗುಂದದ ಒಬ್ಬ ಮಿಸ್ತ್ರಿ ಎಂದೆ.

"ಅಂವಗ ಅಡಗಿ ಕೆಲಸಕ್ಕ ಹಚ್ಚರಿ ಸಾಹೇಬ್ರ," ಎಂದರು.

ಒಂದು ಗಂಟೆಗೆ ಶಾಂತಾ ಹೊರಬಂದಳು. ಪಾಸಾಗಬಹುದು, ಹೇಳಲಾಗದು, ಎರಡು ಲೆಕ್ಕ ಬಿಟ್ಟಿದ್ದೇನೆ ಎಂದಳು. ನಾನು ಮತ್ತೆ ಕ್ಲಚ್ಚಿನ ಕಥೆ ತೆಗೆದೆ. ಆಕೆ ಶಾಂತವಾಗಿಯೇ ಹೇಳಿದಳು:

"ಬಸ್ಸಿನ್ಯಾಗ ಕುಂತು ಸೂತ್ರ ಇನ್ನೊಮ್ಮೆ ನೋಡ್ಕೊಳ್ಳೂಣ ಅಂತ ಇಟ್ಟಿದ್ದೆ. ಗಾಡಿ ಮ್ಯಾಲ ಪುಸ್ತಕ ತೆಗಿಯಾಕ ಬರತೈತೇನ್ರಿ? ಶುಕ್ರವಾರ ಇದನ್ನ ಹೇಳಾಕ ಬಂದಿದ್ದೆ."

ಗಾಡಿ ನೆಟ್ಟಗಿದ್ದಿದ್ದರೂ ಆ ಎರಡು ಲೆಕ್ಕ ಹೋಗುತ್ತಿದ್ದವು. ಕುಸುಬಿ ಎಣ್ಣೆಯ ಮೇಲೆ ಹೊರಿಸಲು ಯಾವ ತಪ್ಪೂ ಉಳಿಯಲಿಲ್ಲ. ಭಾಳ ಕೆಟ್ಟದೆನಿಸಿತು.

ಕ್ಲಚ್ಚಿನ ಒಂದೊಂದು ಪ್ಲೇಟನ್ನೂ ಮೂರು ದಿನ ತಿರುವಿ ತಿರುವಿ ತಪಾಸಣೆ ಮಾಡಿದ ಮಹಾನುಭಾವನಿಗೆ, ಹೆಂಡತಿಯ ಮಾತು ಪೂರ್ತಿ ಕೇಳಲು ಎಷ್ಟು ನಿಮಿಷ ಬೇಕಿತ್ತು?