ಬಡಗ್ಯಾಗೆ ಅಂಗಿ ಕೊಟ್ಟ ಭೀಮಪ್ಪ

ಭೀಮಪ್ಪ ಹೊಸಮನಿ ನಾಗಪುರಕ್ಕೆ ಬಂದು ಮೂವತ್ತು ವರ್ಷ ದಾಟಿದೆ. ನಾಗಪುರ ಅವರಿಗೆ ಗೊತ್ತಿಲ್ಲ, ಗೊತ್ತಿಲ್ಲವೆಂಬ ಬೇಸರವೂ ಇಲ್ಲ. ಬಾಗಲಕೋಟೆ ಕಡೆಯವರು. ಸರ್ಕಾರಿ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅದರ ಗೋಡೆಯೊಳಗೇ ಮನೆ, ಶಾಲೆ, ಆಸ್ಪತ್ರೆ, ಗಣಪತಿ ಗುಡಿ ಎಲ್ಲ ಇದ್ದವು. ಗೋಡೆಯಾಚೆ ಬೇರೆಯೇ ಒಂದು ಊರು. ನಾಲ್ಕು ದಿಕ್ಕಿನ ರೈಲುಗಳು ಕೂಡುವ, ಹೆದ್ದಾರಿಯುದ್ದಕ್ಕೂ ಗೋದಾಮುಗಳು ಏಳುತ್ತಿರುವ, ಕಿತ್ತಳೆ ಲಾರಿಗಟ್ಟಲೆ ಹೊರಡುವ ಊರು. ಮಗ್ಗ ಬಿಟ್ಟ ನೇಕಾರರು ಅಲ್ಲಿ ಸಾವಜಿ ಎಂಬ ಕಡುಖಾರದ ಖಾನಾವಳಿ ಇಟ್ಟಿದ್ದಾರೆ. ಭೀಮಪ್ಪ ಇದನ್ನೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ್ದಾರೆ.

ನಿವೃತ್ತರಾಗಿ ಮನೀಶ್ ನಗರದಲ್ಲಿ ಫ್ಲ್ಯಾಟ್ ಕೊಂಡರು. ವರ್ಷದೊಳಗೆ ಸೊಸೈಟಿಯ ಕಾರ್ಯದರ್ಶಿಯಾದರು. ಗೇಟಿನ ಪಕ್ಕ ಚಂದ್ರಮ್ಮನ ಗಾಡಿ ನಿಲ್ಲುತ್ತಿತ್ತು. ರೈಲ್ವೆ ನೌಕರನ ವಿಧವೆ, ಗದಗಿನವರು. ಅವಲಕ್ಕಿಯ ಮೇಲೆ ತರ್ರಿ ಎಂಬ ಕಡಲೆಯ ಖಾರದ ಸಾರು ಸುರಿದು ಕೊಡುವ ತರ್ರಿ ಪೋಹಾ ಅವರ ಜೀವನ. ಆ ಗಾಡಿಯನ್ನು ಎಬ್ಬಿಸುವುದೇ ಕಾರ್ಯದರ್ಶಿಯ ಮೊದಲ ಕೆಲಸವಾಯಿತು.

"ಗೇಟ್ ಅಂದ್ರ ಗೇಟ್ ಇರಬೇಕು, ಖಾನಾವಳಿ ಅಲ್ಲ. ನಮ್ಮ ಕಡೆಯಾಕಿ ಅಂತ ಇಷ್ಟು ದಿನ ಸುಮ್ಮನಿದ್ದೆ."

"ಸುಮ್ಮನ ಯಾವಾಗ ಇದ್ರಿ?" ಎಂದರು ಚಂದ್ರಮ್ಮ, ಸೌಟು ಕೆಳಗಿಡದೆ.

ಭಾನುವಾರ ಸೊಸೈಟಿಯ ಸಭೆ. ಗಾಡಿ ತೆಗೆಸುವ ನಿರ್ಣಯಕ್ಕೆ ಬೇಕಾದಷ್ಟು ಕೈಗಳನ್ನು ಭೀಮಪ್ಪ ಮೊದಲೇ ಹೊಂದಿಸಿಕೊಂಡಿದ್ದರು. ಗಾಡಿಯ ಹೊಗೆಯಿಂದ ಬೇಸತ್ತಿದ್ದ ಮೊದಲ ಮಹಡಿಯ ವಸುಧಾ ದೇಶಮುಖ್ ಭೀಮಪ್ಪನವರ ಬಲಗೈಯಂತಿದ್ದರು.

ಅದೇ ವಾರ ಎತ್ತುಗಳ ಹಬ್ಬ ಪೋಳಾ. ಮೂರನೇ ಮಹಡಿಯ ಅನಿರುದ್ಧ ಗೆಳೆಯರೊಂದಿಗೆ ಬಾಗಿಲು ತಟ್ಟಿದ. ಕನ್ನಡದವರ ಹುಡುಗ, ಬೆಳೆದದ್ದು ಮರಾಠಿಯಲ್ಲಿ. "ಕಾಕಾ, ಬಡಗ್ಯಾ ಮಾಡಾಕತ್ತೀವಿ. ಗೊಂಬಿಗೆ ಹಳೇ ಬಟ್ಟಿ ಪಾಹಿಜೆ, ಬೇಕ್ರಿ."

ಭೀಮಪ್ಪನವರ ಊರಲ್ಲಿ ಹೋಳಿ ಹಬ್ಬಕ್ಕೆ ಕಾಮಣ್ಣನನ್ನು ಕೂರಿಸುತ್ತಾರೆ. ಅವನಿಗೆ ಬಟ್ಟೆ ಕೊಟ್ಟರೆ ಮನೆಗೆ ಒಳ್ಳೆಯದೆಂದು ಅವರ ತಾಯಿ ನಂಬಿದ್ದರು. ಇದೂ ಹಾಗೆಯೇ ಎಂದುಕೊಂಡು ಕಾರ್ಖಾನೆಯ ಖಾಕಿ ಅಂಗಿ ಕೊಟ್ಟರು. ಜೇಬಿನ ಮೇಲೆ ಹೆಸರು ಹೊಲಿದಿತ್ತು. ಇಸ್ತ್ರಿ ಮಾಡಿಸಿ ಕೊಟ್ಟರು.

ನಾಗಪುರದಲ್ಲಿ ಪೋಳಾದ ಮರುದಿನ ಮಾರ್ಬತ್. ಹಳೆಯ ಪೇಟೆಯಿಂದ ಕಪ್ಪು, ಹಳದಿ ಮಾರ್ಬತ್ ಎಂಬ ಎರಡು ಹೆಣ್ಣು ಗೊಂಬೆಗಳು ಹೊರಡುತ್ತವೆ. ಜೊತೆಗೆ ಜನ ಯಾರನ್ನು ಸಹಿಸರೋ ಅವರ ಅಣಕು ಗೊಂಬೆ, ಅದೇ ಬಡಗ್ಯಾ. ಪೀಡೆಯನ್ನೆಲ್ಲ ಹೊತ್ತುಕೊಂಡು ಹೋಗು ಎಂದು ಕೂಗಿ, ಊರ ಹೊರಗೆ ಸುಡುತ್ತಾರೆ. ಗೋಡೆಯೊಳಗೆ ಬಾಳಿದ ಭೀಮಪ್ಪನಿಗೆ ಅದು ರಜೆಯ ದಿನವಷ್ಟೇ ಆಗಿತ್ತು.

ಮಾರ್ಬತ್ ದಿನ ಬೆಳಿಗ್ಗೆ ತಮ್ಮ ಅಂಗಿ ತೊಟ್ಟ ಗೊಂಬೆ ನೋಡಲು ಗೇಟಿಗೆ ಇಳಿದರು. ಹುಲ್ಲು ತುಂಬಿದ ಹೊಟ್ಟೆ, ಬಾಯಲ್ಲಿ ಸೀಟಿ, ಎದೆಯ ಮೇಲೆ 'ಪೋಹಾ ವೈರಿ' ಎಂಬ ಹಲಗೆ.

"ಇದು ನನ್ನ ಅಂಗಿ."

"ಹೌದ್ರಿ ಕಾಕಾ. ತುಮ್ಹೀಚ್ ದಿಲಾ ನಾ, ನೀವ ಕೊಟ್ಟದ್ದಲ್ಲ," ಎಂದ ಅನಿರುದ್ಧ.

ಚಂದ್ರಮ್ಮ ಗಾಡಿಯ ಹಿಂದಿನಿಂದಲೇ ಅಂದರು: "ಇಸ್ತ್ರಿ ಸೈತ ಮಾಡಿಸ್ಯಾರ. ಮನಸ್ಸು ದೊಡ್ಡದು."

ಭೀಮಪ್ಪ ಗೊಂಬೆಯ ತೋಳು ಹಿಡಿದೆಳೆದರು. ಹುಲ್ಲು ರಸ್ತೆಗೆ ಸುರಿಯಿತು. ಗೊಂಬೆಯ ಮೈಮೇಲಿನ ಅಂಗಿ ಕಳಚಿಕೊಂಡು ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ನಿಂತಿದ್ದ ವಸುಧಾ ಅಡ್ಡ ಬಂದರು: ಪೀಡೆ ಹೊತ್ತ ಬಡಗ್ಯಾನ ಅಂಗಿಯನ್ನು ಯಾರೂ ಒಳಗೆ ತರುವುದಿಲ್ಲ, ಸುಟ್ಟುಬಿಡಿ. ಭೀಮಪ್ಪ ಆಕೆಯನ್ನು ದಾಟಿ ಮೇಲೆ ಹೋದರು.

ಭಾನುವಾರ ಸಭೆಯಲ್ಲಿ ನಿರ್ಣಯ ಓದಿದರು. ಒಂದು ಕೈಯೂ ಏಳಲಿಲ್ಲ. ಮೊದಲು ಆ ಅಂಗಿ ಕಟ್ಟಡದಿಂದ ಹೊರಹೋಗಲಿ, ಗಾಡಿಯ ಮಾತು ಆಮೇಲೆ ಎಂದರು ವಸುಧಾ.

"ಅದು ಸರ್ಕಾರ ಕೊಟ್ಟ ಅಂಗಿ. ನಿಮ್ಮ ಮೂಢನಂಬಿಕೆಗೆ ಸುಡೂದಿಲ್ಲ," ಎಂದು ಭೀಮಪ್ಪ ಕನ್ನಡದಲ್ಲೇ ಹೇಳಿದರು. ಅನಿರುದ್ಧ ಅದನ್ನು ಮರಾಠಿಗೆ ತಿರುಗಿಸಿದ, ಏನೂ ಬಿಡದೆ. ಅಲ್ಲೇ ಹೊಸ ಕಾರ್ಯದರ್ಶಿಯ ಆಯ್ಕೆಯಾಯಿತು.

ಈಗ ಭೀಮಪ್ಪ ಹಿಂದಿನ ಗೇಟಿನಿಂದ ಓಡಾಡುತ್ತಾರೆ. ಚಂದ್ರಮ್ಮನ ಗಾಡಿ ಇದ್ದಲ್ಲೇ ಇದೆ.

"ಅವರು ಬಂದ್ರ ಪೋಹಾ ಕೊಡ್ತೀನ್ರಿ," ಎನ್ನುತ್ತಾರೆ ಆಕೆ ಕೇಳಿದವರಿಗೆ. "ತರ್ರಿ ಮಾತ್ರ ಹಾಕೂದಿಲ್ಲ."