ಕುವೈತಿನಿಂದ ಸುದ್ದಿ ಬಾರದ ಆ ಮೊಂತಿ ಹಬ್ಬ

ಮೊನ್ನೆ ಮಾರುಕಟ್ಟೆಯ ಮೆಟ್ಟಿಲ ಬಳಿ ಒಬ್ಬ ಹೆಂಗಸು ಅರಿಶಿನದ ಎಲೆಯ ಕಟ್ಟುಗಳನ್ನು ಒದ್ದೆ ಗೋಣಿಯ ಮೇಲೆ ಹರವಿಕೊಂಡು ಕೂತಿದ್ದಳು. ಒಂದು ಎಲೆಯ ತುದಿಯನ್ನು ಉಗುರಿನಿಂದ ಚಿವುಟಿ ಮೂಗಿಗೆ ಹಿಡಿದೆ. ಅಷ್ಟು ಸಾಕಾಯಿತು. ಕುಲಶೇಖರದಲ್ಲಿದ್ದ ನಮ್ಮ ಹಳೆಯ ಅಡುಗೆಮನೆ, ಹೊಗೆ ಹಿಡಿದು ಕಪ್ಪಾದ ಅದರ ಹಂಚು, ಒಲೆಯ ಮೇಲೆ ಕುದಿಯುವ ತಾಮ್ರದ ಹಬೆಪಾತ್ರೆ, ಅದರ ಮುಚ್ಚಳ ಎತ್ತಿದಾಗ ಮುಖಕ್ಕೆ ಬಡಿಯುತ್ತಿದ್ದ ಬೆಲ್ಲ, ತೆಂಗಿನಕಾಯಿ, ಬೆಂದ ಎಲೆಯ ಬಿಸಿ ಪರಿಮಳ, ಆ ಹಬೆಯ ಹಿಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಮಾಂಯ್, ಎಲ್ಲ ಒಟ್ಟಿಗೇ ಬಂದವು. ನಿಮಗೂ ಅಂಥದ್ದೊಂದು ಅಡುಗೆಮನೆ ಇದ್ದಿರಬೇಕು. ಈಗ ಅದು ಇಲ್ಲದೆಯೂ ಇರಬಹುದು. ನಮ್ಮದು ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.

ಮಾಂಯ್ ಎಂದರೆ ಅಪ್ಪನ ಅಮ್ಮ. ನಮ್ಮ ಮನೆಮಾತು ಕೊಂಕಣಿ. ಅದರಲ್ಲಿ ಸೊಸೆ ಅತ್ತೆಯನ್ನು ಕರೆಯುವ ಹೆಸರು ಅದು. ಮಮ್ಮಿ ಕರೆಯುವುದನ್ನು ಕೇಳಿ ಕೇಳಿ ನಾನೂ ಹಾಗೆಯೇ ಕರೆದೆ, ಯಾರೂ ತಿದ್ದಲಿಲ್ಲ. ಮನೆಯಲ್ಲಿ ನಾವು ಮೂರು ಹೆಣ್ಣುಜೀವಗಳು. ಪಪ್ಪ ಕುವೈತಿನಲ್ಲಿ ಏರ್‌ಕಂಡೀಶನ್ ರಿಪೇರಿ ಮಾಡುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಸೆಂಟು, ಸೋಪು, ಹಾಲಿನ ಪುಡಿಯ ಡಬ್ಬಗಳ ನಡುವೆ ನಗುತ್ತಾ ಇಳಿಯುತ್ತಿದ್ದ ಅವರು ನನಗೆ ಅಪ್ಪನಿಗಿಂತ ಹೆಚ್ಚಾಗಿ ಒಂದು ಹಬ್ಬವಾಗಿದ್ದರು. ಹಿತ್ತಲಿನ ಕಲ್ಲುಗೋಡೆಯ ಆಚೆ ಜೊಹರಾ ಆಂಟಿಯ ಮನೆ. ಅವರ ಗಂಡ ಹಮೀದ್ ಅಂಕಲ್ ಕೂಡ ಕುವೈತಿನಲ್ಲಿ, ಪಪ್ಪನ ರೂಮಿನಿಂದ ಒಂದು ಬೀದಿ ಆಚೆ ಒಂದು ಅಂಗಡಿಯಲ್ಲಿದ್ದರು. ಆ ಗೋಡೆಯ ಒಂದು ಕಡೆ ಕಲ್ಲುಗಳು ಜಾರಿ ತಗ್ಗಾಗಿತ್ತು. ಅದರ ಮೇಲಿನಿಂದ ಮೀನು ಸಾರು, ನೀರುದೋಸೆ, ಹಲಸಿನ ತೊಳೆ, ಊರಿನ ಸುದ್ದಿ ಎಲ್ಲ ಆಚೀಚೆ ದಾಟುತ್ತಿದ್ದವು. ಜೊಹರಾ ಆಂಟಿ ಮಾಂಯ್‌ಯನ್ನು "ಬಾಯಮ್ಮ" ಎಂದು ಕರೆಯುತ್ತಿದ್ದರು.

ಕುವೈತಿಗೆ ಯುದ್ಧ ನುಗ್ಗಿದ ಸುದ್ದಿ ಬಂದದ್ದು ಆ ಗೋಡೆಯ ಮೇಲಿನಿಂದಲೇ. ಆಗಸ್ಟಿನ ಮಳೆಯ ಬೆಳಿಗ್ಗೆ. ಜೊಹರಾ ಆಂಟಿ ರೇಡಿಯೋವನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ಬಂದು, "ಬಾಯಮ್ಮ, ಇದರಲ್ಲಿ ಎಂತ ಹೇಳ್ತಾರೆ, ಸರಿ ಕೇಳಿ" ಎಂದರು. ಕೇಳಿದೆವು. ಅಲ್ಲಿಂದ ಮುಂದೆ ಫೋನೂ ಇಲ್ಲ, ಕಾಗದವೂ ಇಲ್ಲ. ಅಂಚೆಯಣ್ಣ ನಮ್ಮ ಗೇಟಿನ ಮುಂದೆ ಸೈಕಲ್ ನಿಧಾನ ಮಾಡಿ, ಇಲ್ಲವೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಕೆಲವು ದಿನ ಕಳೆದ ಮೇಲೆ ಆತ ತಲೆ ತಗ್ಗಿಸಿಯೇ ದಾಟತೊಡಗಿದ. ಮಮ್ಮಿ ಅಳಲಿಲ್ಲ. ಪಾತ್ರೆ ಉಜ್ಜಿದಳು, ಉಜ್ಜಿದ್ದನ್ನೇ ಮತ್ತೆ ಉಜ್ಜಿದಳು.

ಸಂಜೆ ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಗಂಟೆ ಕೇಳಿದೊಡನೆ ನಾವು ಯೇಸುವಿನ ಪಟದ ಮುಂದೆ ಮೊಣಕಾಲೂರಿ ಜಪಮಾಲೆ ಹೇಳುವುದು ಮನೆಯ ಕ್ರಮ. ಪ್ರತಿ ಪ್ರಾರ್ಥನೆಯ ಮೊದಲರ್ಧ ಮಾಂಯ್ ಹೇಳಿದರೆ ಉಳಿದರ್ಧ ನಾನೂ ಮಮ್ಮಿಯೂ. ಒಂದು ಸಂಜೆ ಮಮ್ಮಿಯ ದನಿ ಅರ್ಧದಲ್ಲಿ ನಿಂತಿತು. ಎದ್ದು ಒಳಗೆ ಹೋದವಳು ಮರುದಿನ ಬರಲೇ ಇಲ್ಲ. ಮಾಂಯ್ ಕರೆದಾಗ ಬಾಗಿಲಿನಿಂದಲೇ, "ನಂಗೆ ಬಾಯಿ ಬರುವುದಿಲ್ಲ ಮಾಂಯ್. ಸುಮ್ಮನೆ ಯಾಕೆ ಹೇಳ್ಲಿ?" ಎಂದಳು. ಈಗ ಜಗಳವಾಗುತ್ತದೆ ಎಂದುಕೊಂಡೆ. ಹಬ್ಬದ ಹಿಂದಿನ ದಿನದ ಉಪವಾಸವನ್ನೂ ಬಿಡದ ಮುದುಕಿ ಅವಳು. ಆದರೆ ಮಾಂಯ್ ಮಣಿಯಿಂದ ಬೆರಳು ತೆಗೆಯದೆ, "ಬರದಿದ್ರೆ ಬೇಡ. ನಿನ್ನ ಪಾಲಿನದ್ದು ನಾನು ಹೇಳ್ತೇನೆ" ಎಂದಳು. ಹಾಗೆಯೇ ಹೇಳಿದಳು. ನಾನು ನನ್ನ ಅರ್ಧ ಹೇಳಿದ ಮೇಲೆ ಮಾಂಯ್ ಸ್ವಲ್ಪ ತಗ್ಗಿದ ದನಿಯಲ್ಲಿ ಮತ್ತೊಮ್ಮೆ ಅದನ್ನೇ ಹೇಳುವಳು. ಹಾಗಾಗಿ ಆ ದಿನಗಳಲ್ಲಿ ನಮ್ಮ ಜಪ ಬಹಳ ಹೊತ್ತು ಹಿಡಿಯುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಮ್ಮೊಮ್ಮೆ ನಿಂತು, ಮತ್ತೆ ಶುರುವಾಗುತ್ತಿತ್ತು.

ಮೊಂತಿ ಹಬ್ಬ ಬಂತು. ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬವೂ ಹೌದು. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ಒಯ್ದು ಬಾಲ ಮರಿಯಮ್ಮನ ಮುಂದೆ ಚೆಲ್ಲಬೇಕು. ಆ ವರ್ಷ ಹಬ್ಬ ಬೇಡವೆಂದು ಮಮ್ಮಿ ಖಂಡಿತವಾಗಿ ಹೇಳಿದಳು. ಮಾಂಯ್ ಅಟ್ಟದಿಂದ ಹೂವಿನ ಬುಟ್ಟಿ ಇಳಿಸಿ, ಧೂಳು ಒರೆಸಿ, ನನ್ನ ಕೈಗಿತ್ತಳು. ನಮ್ಮ ಹಿತ್ತಲಲ್ಲಿ ಗೊಂಡೆಯೂ ದಾಸವಾಳವೂ ಮಾತ್ರ ಇದ್ದವು. ಜೊಹರಾ ಆಂಟಿ ಗೋಡೆಯ ತಗ್ಗಿನಿಂದ ಕೈಚಾಚಿ ತಮ್ಮ ಅಬ್ಬಲಿಗೆಯನ್ನೆಲ್ಲ ನನ್ನ ಬುಟ್ಟಿಗೆ ಸುರಿಯುತ್ತಿದ್ದರು. "ನಿನ್ನ ಪಪ್ಪನಿಗೋಸ್ಕರ ಬೇಡುವಾಗ ಅಂಕಲ್‌ನ ಹೆಸರು ಸಹ ಹೇಳು, ಆಯ್ತಾ?" ಎಂದು ಒಮ್ಮೆ ಕೇಳಿದರು. ಕೇಳಿದ್ದಕ್ಕೆ ನಾಚಿಕೊಂಡವರಂತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನಾನು ಪ್ರತಿದಿನ ಇಬ್ಬರ ಹೆಸರನ್ನೂ ಹೇಳಿದೆ. ಮಳೆಯಲ್ಲಿ ನೆನೆದ ಹೂವಿನ ಆ ತಣ್ಣನೆಯ ಭಾರ ಈಗಲೂ ನನ್ನ ಮೊಣಕೈ ಮೇಲೆ ಉಂಟು.

ಹಬ್ಬದ ಹಿಂದಿನ ಮಧ್ಯಾಹ್ನ ಮಾಂಯ್ ಹಿಂಬದಿಯ ಜಗಲಿಯಲ್ಲಿ ಕೂತು ಪಾತೊಳಿಗಾಗಿ ಅರಿಶಿನದ ಎಲೆ ಒರೆಸುತ್ತಿದ್ದಳು. ಎಲೆಗೆ ಅಕ್ಕಿಹಿಟ್ಟು ಸವರಿ, ಒಳಗೆ ಬೆಲ್ಲ ಮತ್ತು ಕಾಯಿ ತುಂಬಿ, ಮಡಚಿ ಬೇಯಿಸುವ ಕಡುಬು ಅದು. ಎಲೆಗಳನ್ನು ಜೋಡಿಸಿ ಕೊಡುತ್ತಿದ್ದ ನಾನು, ಬಹಳ ದಿನದಿಂದ ಒಳಗೇ ಇದ್ದುದನ್ನು ಕೇಳಿಬಿಟ್ಟೆ.

"ಮಾಂಯ್, ಪಪ್ಪ ಬಾರದಿದ್ರೆ?"

ಅವಳ ಕೈ ನಿಲ್ಲಲಿಲ್ಲ. "ಬರ್ತಾನೆ ಅಂತ ನಾನು ಯಾವಾಗ ಹೇಳಿದ್ದು?" ಎಂದಳು. "ಅದು ನಂಗೆ ಗೊತ್ತಿಲ್ಲ ಪುತಾ. ದೇವರು ಅವನ ಒಟ್ಟಿಗೆ ಇದ್ದಾರೆ. ಅದು ಗೊತ್ತುಂಟು."

"ಹೇಗೆ ಗೊತ್ತು?"

ಆಗ ಅವಳು ಎಲೆಯನ್ನು ಮಡಿಲಲ್ಲಿಟ್ಟುಕೊಂಡಳು. "ನಿನ್ನ ಪಪ್ಪನಿಗೆ ಒಬ್ಬ ತಮ್ಮ ಇದ್ದ. ಸಣ್ಣವನಿರುವಾಗ ಜ್ವರ ಬಂತು. ಅವನಿಗೋಸ್ಕರ ಸಹ ನಾನು ಬೇಡಿದ್ದೇನೆ, ಇದೇ ಪಟದ ಎದುರು. ಉಳಿಲಿಲ್ಲ. ಮತ್ತೆ ನಂಗೆ ಅಕ್ಕಿ ತೊಳಿಲಿಕ್ಕೆ ಕೈ ಎತ್ತಲಿಕ್ಕೆ ಆಗ್ತಿರಲಿಲ್ಲ. ಮಡಕೆ ಎದುರು ಸುಮ್ಮನೆ ಕೂತಿರ್ತಿದ್ದೆ. ಒಂದು ಬೆಳಿಗ್ಗೆ ಕೈ ಎತ್ತಲಿಕ್ಕೆ ಆಯ್ತು. ಅದು ನನ್ನ ಬಲ ಅಲ್ಲ. ನಂಗೆ ಬಲ ಇರಲಿಲ್ಲ. ಯಾರೋ ಅಡಿಯಿಂದ ಹಿಡಿದ ಹಾಗೆ ಇತ್ತು. ಅಷ್ಟೇ ನಂಗೆ ಗೊತ್ತಿರುವುದು." ಮತ್ತೆ ಎಲೆ ಎತ್ತಿಕೊಂಡಳು. "ಅಷ್ಟು ಸಾಕಾಗ್ತದೆ."

ತಿರುಗಿ ನೋಡಿದರೆ ಮಮ್ಮಿ ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಂದು ಮಾಂಯ್‌ಯ ಪಕ್ಕ ಕೂತು, ಕಾಯಿ ತುರಿಯತೊಡಗಿದಳು. ಆ ಸಂಜೆ ಜಪಕ್ಕೂ ಬಂದಳು. ಬಾಯಿ ತೆರೆಯಲಿಲ್ಲ, ಗೋಡೆಗೆ ತಾಗಿ ಸುಮ್ಮನೆ ಕೂತಿದ್ದಳು. ಮಾಂಯ್ ಅವಳ ಪಾಲನ್ನೂ ಎಂದಿನಂತೆ ಹೇಳಿ ಮುಗಿಸಿದಳು. ಮರುದಿನ ಫಾದರ್ ಆಶೀರ್ವದಿಸಿ ಕೊಟ್ಟ ತೆನೆ ಮನೆಗೆ ಬಂತು. ಅದರ ಕಾಳು ಸುಲಿದು ಪುಡಿಮಾಡಿ ಕಾಯಿಹಾಲಿಗೆ ಹಾಕಿ ಕುಡಿದೆವು. ಬಾಳೆಲೆಯ ಮೇಲೆ ತರಕಾರಿಗಳು, ಪಾತೊಳಿ. ಮಮ್ಮಿ ಪೂರ್ತಿ ಊಟ ಮಾಡಿದ್ದನ್ನು ನಾನು ಕದ್ದು ನೋಡಿದೆ.

ಮೊದಲು ಬಂದವರು ಹಮೀದ್ ಅಂಕಲ್. ಬೊಂಬಾಯಿಯ ಬಸ್ಸಿನಿಂದ ಇಳಿದು ಬೆಳಿಗ್ಗೆ ಬಂದರು. ಅವರ ಗಡ್ಡ ಬೆಳೆದಿತ್ತು, ಬೇರೆ ಯಾರದೋ ಅಂಗಿ ತೊಟ್ಟಿದ್ದರು. ತಮ್ಮ ಮನೆಯೊಳಗೆ ಕೂರುವ ಮೊದಲು ನಮ್ಮ ಅಂಗಳಕ್ಕೆ ಬಂದು ನಿಂತರು. ಗಡಿ ದಾಟಿದ ಮೇಲೂ ಇಬ್ಬರೂ ಜೊತೆಗಿದ್ದರಂತೆ. ಊರಿನ ವಿಮಾನಕ್ಕೆ ಕಾಯುತ್ತಿದ್ದ ಮರಳುಗಾಡಿನ ಡೇರೆಗಳಲ್ಲಿ ಪಪ್ಪನಿಗೆ ಜ್ವರ ಬಂದಿತಂತೆ. "ನನ್ನ ಹೆಸರು ಮೊದಲು ಕರೆದ್ರು ಬಾಯಮ್ಮ. ನಾನು ಹೋಗುವುದಿಲ್ಲ ಹೇಳಿದೆ. 'ಹೋಗು ಮಾರಾಯ, ನಾನು ಬದುಕಿದ್ದೇನೆ ಅಂತ ಮನೆಯಲ್ಲಿ ಹೇಳಲಿಕ್ಕಾದ್ರೂ ಒಬ್ಬ ಹೋಗ್ಬೇಕಲ್ಲ' ಅಂತ ದೂಡಿ ಕಳಿಸಿದ" ಎಂದರು. ಮಮ್ಮಿ ಕೇಳಿದ್ದು ಒಂದೇ: "ಅವರು ಊಟ ಮಾಡ್ತಿದ್ರಾ?"

ಆ ದಿನ ಗೋಡೆಯ ಆಚೆ ಸದ್ದೇ ಇರಲಿಲ್ಲ. ಗಂಡ ಬಂದ ಮನೆಯಲ್ಲಿ ಮೀನು ಹುರಿದ ವಾಸನೆಯೂ ಇಲ್ಲ. ಮಾಂಯ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಆ ತಗ್ಗು ಗೋಡೆ ದಾಟಿದಳು. ನಾನು ಹಿಂದೆಯೇ ಹೋದೆ. ಜೊಹರಾ ಆಂಟಿ ಅಡುಗೆಮನೆಯ ಮೂಲೆಯಲ್ಲಿ ಕೂತು ಅಳುತ್ತಿದ್ದರು. "ನಿಮ್ಮ ಮಗ ಅಲ್ಲೇ ಇರುವಾಗ ನಾನು ಹೇಗೆ ನಗುವುದು?" ಎಂದರು. ಮಾಂಯ್ ಗದರಿಸಿದಳು: "ಎಂತ ಮಾತು ಇದು? ಬೇಡಿದ್ದು ಸಿಕ್ಕಿದ ಮೇಲೆ ಅಳ್ತಾರಾ? ಎದ್ದು ಒಲೆ ಹಚ್ಚು. ನಿನ್ನ ಸಂತೋಷದಲ್ಲಿ ನಂಗೆ ಸಹ ಒಂದು ಪಾಲು ಉಂಟು. ಅದನ್ನು ಹಾಳು ಮಾಡ್ಬೇಡ." ಆ ಮಧ್ಯಾಹ್ನ ಬಂಗುಡೆ ಸಾರಿನ ಪಾತ್ರೆ ಗೋಡೆ ದಾಟಿ ಬಂತು, ನಾವು ಉಂಡೆವು.

ಪಪ್ಪ ಬಂದಾಗ ಮಳೆಗಾಲ ಮುಗಿದು ಬಿಸಿಲು ಬಲಿತಿತ್ತು. ಗೇಟಿನ ಬಳಿ ನಿಂತ ತೆಳ್ಳಗಿನ ಮನುಷ್ಯನನ್ನು ನಾನು ಗುರುತಿಸಲಿಲ್ಲ. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಮಾತ್ರ ಇತ್ತು. ಮಾಂಯ್ ಅವರ ತಲೆಯ ಮೇಲೆ ಶಿಲುಬೆಯ ಗುರುತು ಹಾಕಿ, ಕೈ ಅಲ್ಲೇ ಇಟ್ಟು ಬಹಳ ಹೊತ್ತು ನಿಂತಳು. ಕಷ್ಟ ಮುಗಿಯಿತೆಂದು ನಾನು ತಿಳಿದೆ. ಮುಗಿದಿರಲಿಲ್ಲ. ಪಪ್ಪ ಮಾತಾಡುತ್ತಿರಲಿಲ್ಲ. ಬಾಗಿಲು ಹಾಕಿದ ಸದ್ದಿಗೆ ಬೆಚ್ಚುತ್ತಿದ್ದರು, ದಿನವಿಡೀ ಜಗಲಿಯಲ್ಲಿ ಕೂತು ಅಂಗೈ ನೋಡಿಕೊಳ್ಳುತ್ತಿದ್ದರು. ಜಪಕ್ಕೆ ಕರೆದರೆ ಮುಖ ತಿರುಗಿಸಿದರು. ಆಗ ಮಮ್ಮಿ ಅವರ ಬಳಿ ಹೋಗಿ ಮೆಲ್ಲಗೆ, "ಬೇಡ, ಕೂತ್ಕೊಳ್ಳಿ. ನಿಮ್ಮ ಪಾಲಿನದ್ದು ನಾನು ಹೇಳ್ತೇನೆ" ಎಂದಳು. ಪಟದ ಮುಂದೆ ಮೊಣಕಾಲೂರಿದ್ದ ಮಾಂಯ್ ತಿರುಗಿ ನೋಡಲಿಲ್ಲ. ಆದರೆ ಅವಳ ಹೆಗಲು ಸ್ವಲ್ಪ ಇಳಿದದ್ದನ್ನು, ಹೊರೆ ಇಳಿಸಿದವರ ಹೆಗಲಿನಂತೆ, ನಾನು ಕಂಡೆ.

ಮಾಂಯ್ ಮಗನಿಗೆ ಉಪದೇಶ ಮಾಡಲಿಲ್ಲ. ಬಾವಿಯಿಂದ ನೀರು ಸೇದಲು ಹೇಳಿದಳು, ಮಾಡಿನ ಒಡೆದ ಹಂಚು ಬದಲಿಸಲು ಹೇಳಿದಳು, ತನ್ನನ್ನು ಭಾನುವಾರ ಕೈಹಿಡಿದು ಇಗರ್ಜಿಗೆ ಒಯ್ಯಲು ಹೇಳಿದಳು. ಕಾಲು ನೋವೆಂದಳು, ನಿಜಕ್ಕೂ ನೋವಿತ್ತೋ ಇಲ್ಲವೋ. ಒಂದು ದಿನ ಹಮೀದ್ ಅಂಕಲ್ ಬಂದು ಮೀನುದೋಣಿಗಳು ನಿಲ್ಲುವ ದಕ್ಕೆಯ ಬಳಿಯ ಐಸ್ ಪ್ಲಾಂಟಿಗೆ ಮೆಕ್ಯಾನಿಕ್ ಬೇಕಂತೆ ಎಂದರು. ಪಪ್ಪ ಹೋದರು. ಮೈಯೆಲ್ಲ ಮೀನು, ಅಮೋನಿಯಾದ ವಾಸನೆ ಹೊತ್ತು ಸಂಜೆ ಮನೆಗೆ ಬಂದು, ಬಾವಿಕಟ್ಟೆಯಲ್ಲಿ ಸ್ನಾನ ಮಾಡುತ್ತಾ ಏನೋ ಗುನುಗಿದರು. ಅಡುಗೆಮನೆಯಲ್ಲಿದ್ದ ಮಮ್ಮಿಯೂ ಮಾಂಯ್‌ಯೂ ಒಬ್ಬರನ್ನೊಬ್ಬರು ನೋಡಿ, ಯಾರೂ ಮಾತಾಡಬಾರದೆಂದು ನನಗೆ ಸನ್ನೆ ಮಾಡಿದರು. ಪಪ್ಪ ಮತ್ತೆ ಸಮುದ್ರ ದಾಟಲಿಲ್ಲ. ಪ್ರತಿ ಸಂಜೆ ಮನೆಗೆ ಬರುವ ಅಪ್ಪ ನನಗೆ ಸಿಕ್ಕಿದ್ದು ಹಾಗೆ.

ಮಾಂಯ್ ತೀರಿಕೊಂಡದ್ದು ನಾನು ಕಾಲೇಜಿನಲ್ಲಿದ್ದಾಗ, ಊಟವಾಗಿ ಮಲಗಿದ ಒಂದು ಸಾಧಾರಣ ಮಧ್ಯಾಹ್ನ. ಅವಳ ತಲೆಯ ಕಡೆ ಕೂತು ಜೊಹರಾ ಆಂಟಿ ಸಂಜೆಯವರೆಗೂ ಏಳಲಿಲ್ಲ. ಆಮೇಲೆ ಅವರು ಮಗನ ಮನೆಗೆಂದು ಸುರತ್ಕಲ್ ಕಡೆ ಹೋದರು. ಗೋಡೆಗೆ ಸಿಮೆಂಟು ಬಿತ್ತು, ಬಾವಿ ಮುಚ್ಚಿತು, ಮನೆ ಮಾರಿದೆವು. ಪಪ್ಪ ಕೂಡ ಈಗಿಲ್ಲ. ಪಟದ ಮುಂದೆ ಅವರವರ ಜಾಗದಲ್ಲಿ ಮೊಣಕಾಲೂರುತ್ತಿದ್ದವರಲ್ಲಿ ಈಗ ಉಳಿದವರು ಮಮ್ಮಿ, ನಾನು.

ಮಮ್ಮಿ ನನ್ನ ಜೊತೆ ವಿಮಾನ ನಿಲ್ದಾಣದ ಹತ್ತಿರ, ಬಜಪೆಯ ಫ್ಲಾಟಿನಲ್ಲಿದ್ದಾಳೆ. ಕಿವಿ ಮಂದವಾಗಿದೆ, ನನ್ನ ಮಾತು ಎರಡು ಸಲ ಹೇಳಿದರೂ ಕೇಳುವುದಿಲ್ಲ. ಆದರೆ ವಿಮಾನ ಇಳಿಯುವ ಸದ್ದು ಮಾತ್ರ ಹೇಗೋ ಅವಳಿಗೆ ತಿಳಿಯುತ್ತದೆ. ಬಾಲ್ಕನಿಯ ಕುರ್ಚಿಯಲ್ಲಿ ಕೂತವಳು ತಲೆಯೆತ್ತಿ, ಅದು ಮರಗಳ ಹಿಂದೆ ಮರೆಯಾಗುವವರೆಗೆ ನೋಡಿ, ಪ್ರತಿಸಲವೂ ಅದೇ ಸಮಾಧಾನದಿಂದ ಹೇಳುತ್ತಾಳೆ: "ಯಾರದ್ದೋ ಮನೆಯವರು ಬಂದ್ರು."