ಬೆರಳು ಕಾಣುವ ಫೋನು

ನಮ್ಮ ಬೀದಿಯ ಇಸ್ತ್ರಿಯಕ್ಕ ಹೊಸ ಫೋನು ಕೊಳ್ಳಬೇಕು, ಜೊತೆಗೆ ಬಾ ಎಂದಾಗ ನಾನು ನಕ್ಕುಬಿಟ್ಟೆ. ಅವಳ ಗುಂಡಿ ಫೋನು ಇದ್ದದ್ದೇ ಗಿರಾಕಿಗಳು ಬಟ್ಟೆ ಆಯಿತಾ ಎಂದು ಪ್ರಾಣ ತಿನ್ನಲಿಕ್ಕೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ದಿನವಿಡೀ ನಿಂತು ಇಸ್ತ್ರಿ ತಿಕ್ಕುವವಳಿಗೆ ಸಿನಿಮಾ ನೋಡಲು ಪುರುಸೊತ್ತೆಲ್ಲಿ? "ಮಗಳನ್ನ ನೋಡಬೇಕು ಕಣೇ," ಅಂದಳು. ತಕ್ಷಣ ಚಪ್ಪಲಿ ಮೆಟ್ಟಿದೆ.

ಮಗಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಅದು ತಿಳಿದ ಕೂಡಲೇ ಇಸ್ತ್ರಿಯಕ್ಕನ ಗಂಡನೆನಿಸಿಕೊಂಡ ಮಹಾರಾಯ ಕಾಲಿಗೆ ಬುದ್ಧಿ ಹೇಳಿದ. ಉಳಿದ ಇಬ್ಬರೂ ಸೇರಿ ಕೈಸನ್ನೆಯಲ್ಲೇ ತಮ್ಮದೊಂದು ಭಾಷೆ ಕಟ್ಟಿಕೊಂಡರು. ಗೂಡಿನ ಮುಂದೆ ನಿಂತ ಗಿರಾಕಿಯನ್ನು ಅವನ ಕಣ್ಣೆದುರೇ ಆಡಿಕೊಂಡು ನಗುತ್ತಿದ್ದರು. ನನ್ನ ಮೂಗಿಗೂ ಅವರಲ್ಲೊಂದು ಸನ್ನೆ ಇತ್ತೆಂದು ನನ್ನ ಗುಮಾನಿ.

ಕಳೆದ ವರ್ಷ ಮಗಳ ಮದುವೆಯಾಯಿತು. ಅಳಿಯನೂ ಕಿವಿ ಕೇಳದವನೇ, ದೂರದ ಊರಿನ ಗೊಂಬೆ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಅಂಥವರು ಬಹಳ ಮಂದಿ. ಇವಳೂ ಅವರ ಜೊತೆ ಕೆಲಸಕ್ಕೆ ಸೇರಿದಳು. ಆಗಾಗ ನನ್ನ ಫೋನಿಗೆ ಮೆಸೇಜು ಹಾಕುವಳು, ಚೆನ್ನಾಗಿದ್ದೇನೆ ಎಂದು. ಓದು ಬಾರದ ತಾಯಿಗೆ ನಾನು ಓದಿ ಹೇಳುವೆ. ಪ್ರತಿ ಸಲವೂ ಅಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ. ಮುಖ ತೋರಿಸೋಣವೆಂದರೆ ನನ್ನ ಫೋನಿನ ಕ್ಯಾಮೆರಾ ಎಂದೋ ಕೆಟ್ಟಿತ್ತು.

"ಬರೆದಿದ್ದಕ್ಕೆ ಮುಖ ಇರಲ್ಲ," ಎಂದಳು ಇಸ್ತ್ರಿಯಕ್ಕ ದಾರಿಯಲ್ಲಿ. "ಕಣ್ಣಾರೆ ನೋಡಿದ್ರೆ ನಂಗೆ ಗೊತ್ತಾಗತ್ತೆ, ಸುಖವಾಗಿದಾಳೋ ಇಲ್ವೋ ಅಂತ."

ಅಂಗಡಿಯವನು ಸ್ಪೀಕರು ಎಷ್ಟು ಜೋರು, ಎಷ್ಟು ಸಾವಿರ ಹಾಡು ಹಿಡಿಸುತ್ತದೆ ಎಂದು ಶುರುಹಚ್ಚಿಕೊಂಡ. ಅವಳು ಕೇಳಿದ್ದು ಒಂದೇ: ಕೈ ಬೇಗ ಆಡಿಸಿದರೆ ಬೆರಳು ಬೇರೆ ಬೇರೆ ಕಾಣುತ್ತವಾ? ಅವನಿಗೆ ತಲೆಬುಡ ತಿಳಿಯಲಿಲ್ಲ. ಅವಳೇ ಫೋನನ್ನು ಗಾಜಿನ ಮೇಲೆ ಒರಗಿಸಿ, ಹಿಂದೆ ಸರಿದು, ಎರಡೂ ಕೈಯಲ್ಲಿ ಮಾತಾಡತೊಡಗಿದಳು. ಒಂದರಲ್ಲಿ ಬೆರಳೆಲ್ಲ ಕಲಸಿಹೋದವು. ಇನ್ನೊಂದರಲ್ಲಿ ಮುಖ ಬಂದರೆ ಕೈ ಬರದು. ಪಕ್ಕದವರು ಕಿಸಕ್ಕೆಂದರು, ನಾನು ದುರುಗುಟ್ಟಿದ ಮೇಲೆ ಸುಮ್ಮನಾದರು. ಕೊನೆಗೆ ಒಂದರಲ್ಲಿ ಪ್ರತಿ ಬೆರಳೂ ನಿಚ್ಚಳವಾಗಿ ಕಂಡಿತು. ಬಣ್ಣವನ್ನೂ ನೋಡದೆ ಅದನ್ನೇ ಕೊಡಿ ಎಂದಳು. ಕರೆ ಮಾಡುವುದನ್ನು ನಾನೇ ಕಲಿಸಿದೆ.

ಮರುದಿನ ಮಧ್ಯಾಹ್ನ ಮಡಿಸಿದ ಅಂಗಿಗಳ ರಾಶಿಗೆ ಫೋನು ಒರಗಿಸಿದಳು. ಮಗಳು ಕಂಡಳು. ಅವಳ ಕೆನ್ನೆ ಸವರಲು ಹೋಗಿ ಕರೆಯನ್ನೇ ಕತ್ತರಿಸಿಬಿಟ್ಟಳು ಪುಣ್ಯಾತಗಿತ್ತಿ. ಬೈದುಕೊಂಡು ಮತ್ತೆ ಹಚ್ಚಿಕೊಟ್ಟೆ.

ಮಗಳ ಕೈಗಳು ಓಡಿದವು. ಅಂಥ ವೇಗ ನಾನು ಕಂಡಿರಲಿಲ್ಲ. ಕಾರ್ಖಾನೆಯ ಗೆಳತಿಯರ ಸನ್ನೆಗಳಿರಬೇಕು, ಹೆಚ್ಚಿನವು ಈ ಗೂಡಿನವಲ್ಲ. ನಡುನಡುವೆ ಹಳೆಯದೊಂದು ಬಂದಾಗ ತಾಯಿಯ ಮುಖ ಅರಳುವುದು, ಮತ್ತೆ ಮಂಕಾಗುವುದು. ಕೊನೆಗೆ ತಾಯಿ ಬೆರಳನ್ನು ನಾಲಗೆಗೆ ತಾಗಿಸಿ ಎದೆಗೆ ಮುಟ್ಟಿಸಿದಳು. ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ನೋಡುವ ಹಾಗೆ. ಅವರಿಬ್ಬರಲ್ಲಿ ಅದಕ್ಕೆ, ಒಳಗೆ ಸುಡುತ್ತಿದೆಯಾ ಎಂದರ್ಥವಂತೆ.

ಮಗಳ ಕೈ ಗಕ್ಕನೆ ನಿಂತಿತು. ಆಮೇಲೆ ಆ ಹೊಸ ಸನ್ನೆಗಳಲ್ಲೇ ಬಹಳ ಹೊತ್ತು ಏನೇನೋ ಹೇಳಿತು. ಒಮ್ಮೆ ನಕ್ಕಳು, ಒಮ್ಮೆ ಕಣ್ಣೊರೆಸಿಕೊಂಡಳು. ತಾಯಿ ಹೂಂ ಹೂಂ ಎಂದು ತಲೆಯಾಡಿಸುತ್ತಲೇ ಇದ್ದಳು. ಕರೆ ಮುಗಿಯಿತು.

ಏನಂದಳು ಎಂದು ಕೇಳಿದೆ. ಅವಳು ಒಂದು ಅಂಗಿ ಎಳೆದುಕೊಂಡು ಕಾಲರಿನ ಸುಕ್ಕು ಬಿಡಿಸುತ್ತಾ ನಿಂತಳು.

"ಒಂದೂ ತಿಳೀಲಿಲ್ಲ," ಅಂದಳು.

ಹಾಗಿದ್ದರೆ ತಲೆಯಾಡಿಸಿದ್ದೇಕೆ, ಮತ್ತೊಮ್ಮೆ ಕೇಳಬಾರದಿತ್ತೇ ಎಂದು ರೇಗಿದೆ.

"ಅಷ್ಟು ಹೊತ್ತು ಮನಸು ಬಿಚ್ಚಿ ಹೇಳಿದಾಳೆ. ಅಮ್ಮಂಗೆ ಅರ್ಥ ಆಗ್ಲಿಲ್ಲ ಅಂತ ಗೊತ್ತಾದ್ರೆ ಇನ್ಯಾವತ್ತೂ ಹೇಳೋದೇ ಇಲ್ಲ ಅವಳು."